ಗುಡ್ಡದವಳ ತೂಕ

ಇರುಂಬೆಯೇ? ಅಲ್ಲ. ಇರುವಾಳೆಯೇ? ಅದೂ ಅಲ್ಲ. ಆ ಮಾತು ಇರು ಎಂದು ಶುರುವಾಗುತ್ತದೆ, ಅಷ್ಟು ಖಚಿತ. ಅದರ ಬಾಲ ಮಾತ್ರ ಮುದುಕಿಗೆ ಸಿಗಲೊಲ್ಲದು. ನೀರಿನ ಕೊಡವನ್ನು ಸೊಂಟದಲ್ಲಿ ಇಟ್ಟುಕೊಂಡು ಅವಳು ಚೌಕದ ನಡುವೆ ನಿಂತುಬಿಟ್ಟಳು.

ತಕ್ಕಡಿಯ ತಟ್ಟೆಯಲ್ಲಿ ಕೂತ ಹೆಂಗಸು ಮೊಣಕಾಲು ತಬ್ಬಿಕೊಂಡು ಅದೊಂದೇ ಮಾತನ್ನು ಹೇಳುತ್ತಿದ್ದಳು. ಅರ್ಧ ಗಾಳಿಗೆ ಹಾರಿಹೋಗುತ್ತಿತ್ತು, ಅರ್ಧ ಕಿವಿಗೆ ಬೀಳುತ್ತಿತ್ತು. ಏನಂತಾಳೆ ಇವಳು ಎಂದು ಮದ್ದಿನಮನೆಯ ಬಾಗಿಲವನು ನೆರೆದವರನ್ನು ಕೇಳಿದ. ಯಾರಿಗೂ ತಿಳಿಯಲಿಲ್ಲ. ಗುಡ್ಡದವರ ಮಾತು ಎಂದು ಒಬ್ಬರು ಅಂದರು. ಹಾಗಾದರೆ ನೋವೂ ಗುಡ್ಡದ್ದೇ ಇರಬೇಕು, ನಮ್ಮ ಮದ್ದು ಅದಕ್ಕೆ ನಾಟುತ್ತದೋ ಇಲ್ಲವೋ ಎಂದು ಇನ್ನೊಬ್ಬರು ಅಂದು ನಕ್ಕರು. ಆ ನಗುವಿನ ನಡುವೆ ಮುದುಕಿಗೆ ಮಾತು ಸಿಕ್ಕಿತು. ಇರುಂಗಳೆ. ಮೂಳೆಯೊಳಗೆ ನೆಂಟನ ಹಾಗೆ ಬಂದು ಕೂತು, ಉಂಡು, ಹೋಗದೆ ಉಳಿಯುವ ನೋವು. ಅವ್ವನಿಗೆ ಇತ್ತು. ಅವ್ವನ ಅವ್ವನಿಗೂ ಇತ್ತು. ಐವತ್ತೆಂಟು ವರ್ಷ ಆ ಮಾತು ಮುದುಕಿಯೊಳಗೆ ಸದ್ದಿಲ್ಲದೆ ಮಲಗಿತ್ತು.

ಸಿಕ್ಕಿದ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ. ಕೊಡ ತುಂಬಿಸಿಕೊಂಡು ಮನೆಗೆ ಹೋದಳು.

ಆ ಊರಿನ ಮದ್ದಿನಮನೆಗೆ ಬೀಗವಿರಲಿಲ್ಲ, ಕೀಲಿಯಿರಲಿಲ್ಲ. ಬಾಗಿಲ ಮುಂದೆ ಮನೆಯೆತ್ತರದ ಒಂದು ತಕ್ಕಡಿ ಇತ್ತು. ಕಾಯಿಲೆಯವರು ಒಂದು ತಟ್ಟೆಯಲ್ಲಿ ಕೂರಬೇಕು. ಇನ್ನೊಂದು ತಟ್ಟೆಗೆ ಊರಿನ ಮನೆಗಳಿಂದ ಕಲ್ಲು ಬೀಳಬೇಕು. ಒಂದು ಮನೆಗೆ ಒಂದೇ ಕಲ್ಲು. ಎರಡು ಕೈಯಲ್ಲಿ ಎತ್ತುವಷ್ಟು ದೊಡ್ಡದು. ಆ ಮನೆಯವರೇ ಹೊತ್ತು ತರಬೇಕು. ಎರಡು ತಟ್ಟೆಯೂ ಸಮಕ್ಕೆ ಬಂದಾಗ ತಕ್ಕಡಿಯ ಹಗ್ಗ ಬಾಗಿಲಿನ ಅಗಳಿಯನ್ನು ಎತ್ತುತ್ತದೆ, ಒಳಗಿನಿಂದ ವೈದ್ಯೆ ಬಂದು ಕಾಯಿಲೆಯವರನ್ನು ಕೈಹಿಡಿದು ಕರೆದೊಯ್ಯುತ್ತಾಳೆ. ಒಮ್ಮೆ ತೂಗಿದ ಕಲ್ಲನ್ನು ಮುಂದಿನ ಮಳೆಗಾಲದವರೆಗೆ ಮತ್ತೆ ತೂಗುವಂತಿಲ್ಲ.

ಊರಿನವರಿಗೆ ಇದು ಕಷ್ಟವೇ ಅಲ್ಲ. ಅತ್ತೆಮನೆಯ ಕಲ್ಲು, ಭಾವನ ಮನೆಯ ಕಲ್ಲು, ಬೀಗರ ಕಲ್ಲು, ಎದುರುಮನೆಯ ಕಲ್ಲು. ಬಿಸಿಲೇರುವುದರೊಳಗೆ ಬಾಗಿಲು ತೆರೆಯುತ್ತದೆ. ಗುಡ್ಡದವರಿಗೆ ಊರಿನಲ್ಲಿ ಮನೆಯಿಲ್ಲ. ಗುಡ್ಡದಿಂದ ಹೊತ್ತು ತಂದ ಕಲ್ಲನ್ನು ತಕ್ಕಡಿ ಒಪ್ಪುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಯಾರೂ ಹಾಕಿ ನೋಡಿದವರಿಲ್ಲ. ಒಪ್ಪದಿದ್ದವನು ಬಾಗಿಲವನು.

ಹಾಗಾಗಿ ಗುಡ್ಡದವರು ತಟ್ಟೆಯಲ್ಲಿ ಕೂರುತ್ತಿದ್ದರು. ಕೂತೇ ಇರುತ್ತಿದ್ದರು. ಬಾಗಿಲವನು ಕೆಟ್ಟವನಲ್ಲ. ಅವರಿಗೆ ನೀರು ಕೊಡುತ್ತಿದ್ದ, ನೆರಳಿಗೆಂದು ಚಾಪೆ ಕಟ್ಟುತ್ತಿದ್ದ, ಸಮಾಧಾನದ ಮಾತನ್ನೂ ಆಡುತ್ತಿದ್ದ. ಕಾಯಿರಿ, ದಿನ ಕಳೆದ ಹಾಗೆ ಮೈ ಇಳಿಯುತ್ತದೆ, ಇಳಿದರೆ ಕಲ್ಲು ಕಡಿಮೆ ಸಾಕು ಎನ್ನುತ್ತಿದ್ದ. ಅವನು ಹೇಳುತ್ತಿದ್ದುದು ನಿಜವೇ. ಒಂದು ಬೇಸಿಗೆಯಲ್ಲಿ ಒಬ್ಬ ಗುಡ್ಡದವನು ಹಾಗೆಯೇ ಇಳಿದು ಇಳಿದು, ಕೊನೆಗೆ ಯಾರೋ ಪುಣ್ಯಾತ್ಮರು ಹಾಕಿದ ಎರಡು ಕಲ್ಲಿಗೆ ಸಮನಾಗಿದ್ದ. ಬಾಗಿಲು ತೆರೆಯಿತು. ಒಳಗೆ ಹೋಗಲು ಅವನಿರಲಿಲ್ಲ.

ಮುದುಕಿ ಇದನ್ನೆಲ್ಲ ನೋಡುತ್ತ ಬಂದವಳು. ಹತ್ತನೇ ವಯಸ್ಸಿನಲ್ಲಿ, ಊರಿನ ಒಂದು ದೊಡ್ಡ ಮನೆಯ ತೊಟ್ಟಿಲು ತೂಗಲು ಅವಳನ್ನು ಗುಡ್ಡದಿಂದ ಇಳಿಸಿ ತಂದಿದ್ದರು. ಯಾರಾದರೂ ಕೇಳಿದರೆ ಹೊಳೆಯಾಚೆಯ ಊರಿನವಳು ಎನ್ನು ಎಂದು ಆ ಮನೆಯ ಯಜಮಾನಿ ಹೇಳಿಕೊಟ್ಟಿದ್ದಳು. ಅವಳು ಹಾಗೆಯೇ ಅಂದಳು. ಮದುವೆಯಲ್ಲಿ ಅಂದಳು, ಮಗನ ನಾಮಕರಣದಲ್ಲಿ ಅಂದಳು, ಗಂಡ ಸಾಯುವಾಗಲೂ ನಿಜ ಹೇಳಲಿಲ್ಲ. ಈಗ ಮನೆಯಲ್ಲಿ ಉಳಿದವಳು ಮೊಮ್ಮಗಳೊಬ್ಬಳು, ಅವಳಿಗೂ ಗೊತ್ತಿಲ್ಲ. ಇಷ್ಟು ವರ್ಷ ಒಂದೇ ಸುಳ್ಳಿನ ಮೇಲೆ ಕೂತವಳಿಗೆ ಬೇರೆಯವರ ಯಾವ ಮಾತೂ ಗಟ್ಟಿ ನೆಲದ ಹಾಗೆ ಕಾಣುತ್ತಿರಲಿಲ್ಲ. ಹಾಲಿನವಳ ಹಾಲನ್ನು ಬೆರಳದ್ದಿ ನೋಡುತ್ತಿದ್ದಳು. ಯಾರಾದರೂ ಹೊಗಳಿದರೆ ಹಿಂದಿನಿಂದ ಏನು ಬರುತ್ತದೋ ಎಂದು ಕಾಯುತ್ತಿದ್ದಳು.

ಆ ಮಧ್ಯಾಹ್ನ ಅವಳು ಉಪ್ಪಿನಕಾಯಿ ಭರಣಿಯ ಮೇಲೆ ಹೇರಿದ್ದ ಕಲ್ಲನ್ನು ಎತ್ತಿಕೊಂಡು ಚೌಕಕ್ಕೆ ಹೋದಳು. ತಟ್ಟೆಗೆ ಹಾಕಿದಳು. ಖಾಲಿ ತಟ್ಟೆಯಲ್ಲಿ ಅದು ಠಣ್ ಎಂದಿತು. ಬಾಗಿಲವನು ಹುಬ್ಬೇರಿಸಿದ. ಕಾಯಿಲೆಯವಳ ಜೊತೆ ಬಂದಿದ್ದ ಇಬ್ಬರು ಗುಡ್ಡದ ಹೆಂಗಸರು ತಮ್ಮ ಗಂಟನ್ನು ಕಾಲ ಹಿಂದಕ್ಕೆ ಎಳೆದುಕೊಂಡರು.

ಯಾವ ಕೇರಿಯವರು ಎಂದು ಮುದುಕಿ ಊರಿನ ಮಾತಿನಲ್ಲಿ ಕೇಳಿದಳು. ಹಿರಿಯ ಹೆಂಗಸು ಬಹಳ ಹೊತ್ತು ಅವಳ ಮುಖ ನೋಡಿ, ಹೇಳಿದರೆ ಕಳೆದುಕೊಳ್ಳುವುದೇನಿದೆ ಎಂಬಂತೆ ಹರಕುಮುರುಕು ಊರಮಾತಿನಲ್ಲಿ ಹೇಳಿದಳು. ತೊರೆಮೇಲಿನ ಕೇರಿ. ಜೇನು ಕೊಯ್ಯುವಾಗ ಬಂಡೆಯಿಂದ ಬಿದ್ದವನ ಮಗಳು ಇವಳು. ಇವಳು ಹೊಟ್ಟೆಯಲ್ಲಿದ್ದಾಗ ಇವಳಕ್ಕನನ್ನು ಊರಿನವರು ತೊಟ್ಟಿಲು ತೂಗಲು ಕೊಂಡೊಯ್ದರಂತೆ. ಆ ಅಕ್ಕ ಇದ್ದಾಳೋ ಹೋದಳೋ ಯಾರಿಗೆ ಗೊತ್ತು.

ಮುದುಕಿ ತಟ್ಟೆಯ ಕಡೆ ತಿರುಗಿದಳು. ತನಗಿಂತ ಹತ್ತು ವರ್ಷ ಚಿಕ್ಕವಳು. ತನಗಿಂತ ಹತ್ತು ವರ್ಷ ದೊಡ್ಡವಳ ಹಾಗೆ ಕಾಣುತ್ತಿದ್ದಳು. ಕಣ್ಣಿನ ಬಿಳಿ ಅರಿಸಿನಕ್ಕೆ ತಿರುಗಿತ್ತು, ಪಾದ ಊದಿತ್ತು, ತೋಳು ಮಾತ್ರ ಒಣಗಿದ ರೆಂಬೆ.

"ಎಷ್ಟು ಕಲ್ಲು ಬೇಕಪ್ಪ ಇವಳಿಗೆ?"

"ಇವತ್ತಿಗೆ ಹನ್ನೆರಡು," ಅಂದ ಬಾಗಿಲವನು. "ನಾಳಿದ್ದಿಗೆ ಹನ್ನೊಂದು ಸಾಕಾದೀತು."

ಮಾರನೆಯ ದಿನ ಮುದುಕಿ ಚೊಂಬಿನಲ್ಲಿ ರಾಗಿ ಗಂಜಿ ತಂದಳು. ಬಾಗಿಲವನು ಹತ್ತಿರ ಬಂದು, ಅವಳಿಗೊಬ್ಬಳಿಗೇ ಕೇಳುವ ಹಾಗೆ ಬುದ್ಧಿ ಹೇಳಿದ. ತಿನ್ನಿಸಬೇಡಿ ದೊಡ್ಡಮ್ಮ, ತಿಂದರೆ ತೂಕ ಏರುತ್ತೆ, ಆಮೇಲೆ ಕಷ್ಟ ಅವರಿಗೇ. ಮುದುಕಿ ಅವನ ಮುಖ ನೋಡುತ್ತಲೇ ಚೊಂಬನ್ನು ಖಾಲಿ ಮಾಡಿಸಿದಳು. ಆಮೇಲೆ ಬೀದಿಗೆ ಇಳಿದಳು.

ಅವಳು ಬಾಗಿಲು ಬಾಗಿಲಿಗೂ ಹೋದಳು. ಒಂದು ಮನೆಯವರು ಕೂರಿಸಿ, ಪಾನಕ ಕೊಟ್ಟು, ಅಯ್ಯೋ ಪಾಪ ಎಂದರು, ಕಲ್ಲು ಕೊಡಲಿಲ್ಲ. ಒಂದು ಮನೆಯವರು ಗುಡ್ಡದವರಿಗೆ ಬೇರು ನಾರು ಗೊತ್ತಿರುತ್ತದಲ್ಲ, ನಮ್ಮ ಮದ್ದೇಕೆ ಎಂದರು. ಇನ್ನೊಂದು ಮನೆಯ ಯಜಮಾನ, ಅವರು ಮೊದಲಿನಿಂದಲೂ ಬೇಗ ಸಾಯುವ ಜನ, ಅವರ ಮೈಯೇ ಹಾಗೆ ಎಂದು ವಿವರಿಸಿದ. ಮೈ ಹಾಗಲ್ಲ, ಬಾಗಿಲು ಹಾಗೆ ಎಂದು ಮುದುಕಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಯಾರಾದರೂ ಇವಳಿಗ್ಯಾಕೆ ಇಷ್ಟು ಉರಿ ಎಂದು ಯೋಚಿಸಲು ಹತ್ತಿದರೆ ಅಲ್ಲಿಗೆ ಮುಗಿಯಿತು. ಗುಡ್ಡದವಳೆಂದು ತಿಳಿದರೆ ಅವಳ ಒಂದು ಕಲ್ಲೂ ಹೋಗುತ್ತದೆ.

ಎದುರುಮನೆಯವಳು ಮಾತ್ರ ಸುತ್ತಿ ಬಳಸಿ ಆಡುವವಳಲ್ಲ. ಸೊಸೆ ಬಸುರಿ, ದಿನ ತುಂಬುತ್ತಿದೆ, ಹೆಚ್ಚುಕಮ್ಮಿ ಆದರೆ ತಟ್ಟೆಗೆ ಕೂರಿಸಬೇಕು, ಆಗ ನನ್ನ ಕಲ್ಲು ನನಗೆ ಬೇಡವೇ ಎಂದಳು. ಅದು ನ್ಯಾಯವೇ. ಮುದುಕಿ ಏಳುವಾಗ ಅವಳು ತಡೆದಳು.

"ಒಂದು ಮಾತು ಕೇಳ್ತೀನಿ ದೊಡ್ಡಮ್ಮ. ನೀವೇನು ಗುಡ್ಡದವರಾ?"

"ಹೊಳೆಯಾಚೆಯವಳು," ಅಂದಳು ಮುದುಕಿ.

ಎದುರುಮನೆಯವಳು ಹೂಂ ಎಂದಳು. ಆ ಹೂಂ ಬೀದಿ ದಾಟುವವರೆಗೂ ಮುದುಕಿಯ ಬೆನ್ನಿಗೆ ಅಂಟಿಕೊಂಡಿತ್ತು.

ನಾಲ್ಕನೆಯ ದಿನ ಡಂಗುರ ಕೇಳಿತು. ಡಂಗುರದವನು ಒಳ್ಳೆ ಗಂಟಲಿನವನು, ಅವನು ಕರೆದರೆ ಊರು ಹೊರಡುತ್ತಿತ್ತು. ಗುಡ್ಡದವರೂ ನಾವೂ ಒಂದೇ ತೂಕ, ಇದನ್ನು ಜಗತ್ತಿಗೆ ತೋರಿಸೋಣ, ಮನೆಮನೆಯಿಂದ ಕಲ್ಲು ಹೊತ್ತು ಬನ್ನಿ ಎಂದು ಸಾರಿದ. ಮೊಮ್ಮಗಳು ಕುಣಿದಾಡುತ್ತ ಬಂದು ಅಜ್ಜಿಗೆ ಸುದ್ದಿ ಹೇಳಿದಳು. ಕಲ್ಲುಗಳಿಗೆ ಸುಣ್ಣ ಬಳಿದು ಅದರ ಮೇಲೆ ಮನೆಯ ಹೆಸರು ಬರೆಯುವ ಕೆಲಸ ಅವಳಿಗೆ ಬಂದಿತ್ತು, ಅವಳ ಅಕ್ಷರ ಮುತ್ತಿನಂಥದ್ದು. ಸುಣ್ಣ ಯಾಕೆ ಎಂದು ಮುದುಕಿ ಕೇಳಿದಳು. ಚೆಂದ ಕಾಣಲಿ ಅಂತ. ಹೆಸರು ಯಾಕೆ? ಯಾರು ಕೊಟ್ಟರು ಅಂತ ಗೊತ್ತಾಗಬೇಕಲ್ಲ ಅಜ್ಜಿ. ತಕ್ಕಡಿಗೆ ಹೆಸರು ಓದಲು ಬರುತ್ತದೆಯೇ ಎಂದು ಮುದುಕಿ ಕೇಳಿದಳು. ನಿನಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತದೆ ಎಂದು ಮೊಮ್ಮಗಳು ಮುನಿಸಿಕೊಂಡು ಹೋದಳು.

ಮೆರವಣಿಗೆ ಬಂತು. ಬಿಳಿ ಸೀರೆ, ಬಿಳಿ ಪಂಚೆ, ಬಿಳಿ ಕಲ್ಲು. ಹಾಡುತ್ತ ಬಂದರು, ಅಳುತ್ತ ಬಂದರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಮುದುಕಿಯ ಎದೆ ಒಂದು ಗಳಿಗೆ ಸಡಿಲವಾಯಿತು. ಇಷ್ಟು ಕಲ್ಲಿಗೆ ಹತ್ತು ಜನ ತಂಗಿಯರು ಒಳಗೆ ಹೋಗಬಹುದು. ಮೆರವಣಿಗೆ ಚೌಕ ತಲುಪಿತು, ತಕ್ಕಡಿಯ ಹತ್ತಿರ ಬಂತು, ತಕ್ಕಡಿಯನ್ನು ದಾಟಿತು. ಎದುರು ಬದಿಯಲ್ಲಿ ಡಂಗುರದವನು ಗೆರೆ ಎಳೆದಿದ್ದ ಜಾಗದಲ್ಲಿ ಎಲ್ಲರೂ ಕಲ್ಲು ಇಟ್ಟರು. ಕಲ್ಲಿನ ಮೇಲೆ ಕಲ್ಲು, ಹೆಸರಿನ ಮೇಲೆ ಹೆಸರು. ಸಂಜೆ ಬಿಸಿಲಿಗೆ ಬಿಳಿಯ ಗುಡ್ಡವೊಂದು ಹೊಳೆಯಿತು. ಜನ ಕೈಮುಗಿದು ಮನೆಗೆ ಹೋದರು. ತಟ್ಟೆಯಲ್ಲಿ ಮುದುಕಿಯ ಉಪ್ಪಿನಕಾಯಿ ಕಲ್ಲು ಒಂದೇ ಇತ್ತು.

ಮುದುಕಿ ಡಂಗುರದವನನ್ನು ಹಿಡಿದು ನಿಲ್ಲಿಸಿದಳು. ಇದನ್ನು ತಟ್ಟೆಗೆ ಯಾವಾಗ ಹಾಕುತ್ತೀರಿ ಎಂದಳು. ಅವನಿಗೆ ಅವಳ ಮೇಲೆ ಕರುಣೆ ಬಂತು.

"ಅಲ್ಲಿ ಹಾಕಿದರೆ ಒಬ್ಬಳಿಗೆ ಹಾಕಿದ ಹಾಗೆ, ಅಜ್ಜಿ. ಇಲ್ಲಿಟ್ಟರೆ ಎಲ್ಲರಿಗೂ ಇಟ್ಟ ಹಾಗೆ."

ಮುದುಕಿ ಮರುದಿನ ಬೆಳಿಗ್ಗೆ ಚಾಪೆ ತಂದು ಆ ಬಿಳಿ ಗುಡ್ಡದ ಬುಡದಲ್ಲಿ ಕೂತಳು. ಅವಳಿಗೆ ಜನರ ಪ್ರೀತಿಯ ಮೇಲೆ ನಂಬಿಕೆ ಇರಲಿಲ್ಲ, ಅವರ ಅಡಿಗೆಮನೆಯ ಮೇಲೆ ಇತ್ತು. ಮನೆಯ ಕಲ್ಲು ಎಂದರೆ ಸುಮ್ಮನೆ ಅಂಗಳದಲ್ಲಿ ಬಿದ್ದಿದ್ದಲ್ಲ. ಒಬ್ಬರ ಹಂಡೆಗೆ ಆನಿಕೆ, ಒಬ್ಬರ ಬಾಗಿಲಿಗೆ ತಡೆ, ಒಬ್ಬರ ಹಪ್ಪಳದ ಮೇಲಿನ ಹೇರು. ಅವಳೆಣಿಸಿದ ಹಾಗೆಯೇ ಆಯಿತು. ಸೂರ್ಯ ನೆತ್ತಿಗೆ ಬರುವುದರೊಳಗೆ ಒಬ್ಬಳು ಬಂದಳು, ಹಂಡೆ ವಾಲಿ ನೀರೆಲ್ಲ ಚೆಲ್ಲಿತಂತೆ. ಇನ್ನೊಬ್ಬಳು ಬಂದಳು, ಗಾಳಿಗೆ ಹಿತ್ತಿಲ ಬಾಗಿಲು ಬಡಿದು ಮಗು ಎದ್ದುಬಿಟ್ಟಿತಂತೆ. ತಲೆ ತಗ್ಗಿಸಿಕೊಂಡು, ಯಾರೂ ನೋಡುತ್ತಿಲ್ಲ ತಾನೇ ಎಂದು ನೋಡಿಕೊಂಡು, ತಮ್ಮ ತಮ್ಮ ಹೆಸರು ಹುಡುಕತೊಡಗಿದರು.

ಮುದುಕಿ ಯಾರನ್ನೂ ಬೈಯಲಿಲ್ಲ. ಹುಡುಕಲು ತಾನೂ ಕೈಜೋಡಿಸಿದಳು. ಕಲ್ಲು ಸಿಕ್ಕಿ, ಎತ್ತಿ ನಿಂತ ಮೇಲೆ ಒಂದೇ ಮಾತು ಹೇಳಿದಳು. ಹೇಗೂ ಎತ್ತಿದ್ದೀಯ, ಹೋಗುವ ದಾರಿಯಲ್ಲೇ ತಕ್ಕಡಿ ಇದೆ, ಒಂದು ಸಲ ಅವಳ ಪಾದ ನೋಡಿಕೊಂಡು ಹೋಗು. ಕೆಲವರು ಬೇರೆ ದಾರಿಯಿಂದ ಹೋದರು. ಕೆಲವರು ನೋಡಿದರು. ನೋಡಿದವರಲ್ಲಿ ಕೆಲವರಿಗೆ ಕಲ್ಲು ಹೊತ್ತುಕೊಂಡು ಹಿಂದಿರುಗಲು ಆಗಲಿಲ್ಲ. ಹೀಗೆ ಎರಡು ದಿನದಲ್ಲಿ ಎಂಟು ಹೆಂಗಸರು ಒಪ್ಪಿದರು. ಬಾಗಿಲವನು ತಟ್ಟೆಯನ್ನು ಒಂದು ಕಣ್ಣು ಮುಚ್ಚಿ ನೋಡಿ, ಈಗ ಒಂಬತ್ತು ಸಾಕು ಎಂದ. ಮುದುಕಿಯದು ಸೇರಿದರೆ ಒಂಬತ್ತು.

ಏಳನೆಯ ದಿನ ಬೆಳಿಗ್ಗೆ ಎಂಟು ಹೆಂಗಸರೂ ತಮ್ಮ ತಮ್ಮ ಕಲ್ಲು ಹಿಡಿದು ಸಾಲಾಗಿ ನಿಂತರು. ಜನ ನೋಡಲು ನೆರೆದರು. ಡಂಗುರದವನೂ ಬಂದಿದ್ದ.

ಆಗ ಗುಡ್ಡದ ಹಿರಿಯ ಹೆಂಗಸು ಗಂಟು ಬಿಚ್ಚಿದಳು. ಒಣಗಿಸಿದ ಕಾಡುಗೆಣಸಿನ ಚೂರುಗಳನ್ನು ಕಾಯಿಲೆಯವಳ ಅಂಗೈಗೆ ಸುರಿದಳು. ಕಲ್ಲು ಹಾಕಿದ ಒಬ್ಬೊಬ್ಬರಿಗೂ ಕಾಯಿಲೆಯವಳು ತನ್ನ ಕೈಯಿಂದಲೇ ಒಂದೊಂದು ಚೂರು ಕೊಟ್ಟಳು. ಊರಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲನೆಯವಳು ಬೆರಳ ತುದಿಯಲ್ಲಿ ತೆಗೆದುಕೊಂಡು ಸೆರಗಿನ ಗಂಟಿಗೆ ಕಟ್ಟಿದಳು, ಮರ್ಯಾದೆಗೆ. ಎರಡನೆಯವಳೂ ಹಾಗೆಯೇ ಮಾಡಿದಳು. ಐದನೆಯವಳು ಹಿಂದಿನವಳ ಕಿವಿಯಲ್ಲಿ ಮಾಟವೋ ಏನೋ ಎಂದಳು. ಏಳನೆಯವಳು ಯಾರಿಗೂ ಕಾಣದ ಹಾಗೆ ಕಾಲ ಬಳಿ ಬೀಳಿಸಿದಳು. ಎಂಟು ಕಲ್ಲೂ ಬಿದ್ದವು. ಒಂದು ಚೂರನ್ನೂ ಯಾರೂ ಬಾಯಿಗಿಡಲಿಲ್ಲ. ತಕ್ಕಡಿಯ ತೊಲೆ ನರಳುತ್ತ ಏಳತೊಡಗಿತು, ಸಮಕ್ಕೆ ಬರಲು ಇನ್ನೊಂದು ಗೇಣು ಉಳಿದಿತ್ತು.

ಗುಡ್ಡದ ಹೆಂಗಸರ ಮುಖ ಕಲ್ಲಾಯಿತು. ಇಬ್ಬರೂ ಮುಂದೆ ಬಂದು ಕಾಯಿಲೆಯವಳ ಕಂಕುಳಿಗೆ ಕೈಹಾಕಿ ತಟ್ಟೆಯಿಂದ ಎಳೆಯತೊಡಗಿದರು. ತೊಲೆ ಗಿರ್ರನೆ ವಾಲಿತು. ಕಲ್ಲು ಹೊತ್ತು ತಂದ ಹೆಂಗಸರು ಬಾಯಿಬಿಟ್ಟು ನಿಂತರು. ಬೆನ್ನು ಮುರಿದುಕೊಂಡು ತಂದದ್ದಕ್ಕೆ ಇದೇನು ಸೊಕ್ಕು ಎಂದು ಒಬ್ಬಳು ಅಂದಳು. ನೋಡಿದಿರಾ, ಅವರಿಗೇ ಬೇಡ, ನಾವೇನು ಮಾಡಲಾದೀತು ಎಂದ ಡಂಗುರದವನು. ಅವನ ದನಿಯಲ್ಲಿ ನೆಮ್ಮದಿ ಇದ್ದಂತೆ ಮುದುಕಿಗೆ ಕೇಳಿಸಿತು.

ಇಡೀ ಚೌಕದಲ್ಲಿ ಆದದ್ದೇನೆಂದು ತಿಳಿದವಳು ಅವಳೊಬ್ಬಳೇ. ಗುಡ್ಡದಲ್ಲಿ ನೆರವಾದವರಿಗೆ ಕಾಯಿಲೆಯವರ ಕೈಯಿಂದ ಗೆಣಸು ಕೊಡುತ್ತಾರೆ. ಅಲ್ಲೇ ತಿಂದರೆ ಲೆಕ್ಕ ತೀರಿತು, ನೀನೂ ನಾನೂ ಸಮ. ತಿನ್ನದೆ ಕಟ್ಟಿಕೊಂಡರೆ, ಇದಕ್ಕೆ ಬದಲು ಇನ್ನೇನನ್ನೋ ಕೇಳಲು ಆಮೇಲೆ ಬರುತ್ತೇನೆ ಎಂದ ಹಾಗೆ. ಅವಳ ಅಜ್ಜನ ಕಾಲದಲ್ಲಿ ಊರಿನಿಂದ ಬಂದವರು ಗೆಣಸನ್ನು ಪಂಚೆಯ ಚುಂಗಿಗೆ ಕಟ್ಟಿಕೊಂಡು ಹೋಗಿದ್ದರು. ಮರುವರ್ಷ ಬಂದು ತೊರೆಯ ಕೆಳಗಿನ ಕಾಡನ್ನೆಲ್ಲ ಕೇಳಿದ್ದರು. ಕೇಳಿದ್ದರು ಎನ್ನುವುದು ಮಾತಿಗೆ.

ಹೇಳದಿದ್ದರೆ ತಂಗಿ ಗುಡ್ಡಕ್ಕೆ ಹೋಗುತ್ತಾಳೆ, ದಾರಿಯಲ್ಲೇ ಹೋಗುತ್ತಾಳೆ. ಹೇಳಿದರೆ ಒಂದು ಕಲ್ಲು ಕಡಿಮೆಯಾಗುತ್ತದೆ. ಮುದುಕಿ ಗುಂಪನ್ನು ಸೀಳಿಕೊಂಡು ಮುಂದೆ ಹೋದಳು. ಗುಡ್ಡದ ಮಾತಿನಲ್ಲಿ, ತುಕ್ಕು ಹಿಡಿದ ದನಿಯಲ್ಲಿ, ನಿಲ್ಲಿ ಎಂದಳು.

"ಇವರಿಗೆ ನಮ್ಮ ಪದ್ಧತಿ ಗೊತ್ತಿಲ್ಲ. ಇವರು ಏನನ್ನೂ ಕೇಳಲು ಬರೋದಿಲ್ಲ. ನಾನು ತೊರೆಮೇಲಿನ ಕೇರಿಯವಳು. ಇವಳು ನನ್ನ ಬೆನ್ನ ಹಿಂದೆ ಹುಟ್ಟಿದವಳು."

ಹಿರಿಯ ಹೆಂಗಸು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. ನೋಟ ತಲೆಯ ಮೇಲೆ ನಿಂತಿತು.

"ಸುಳ್ಳು. ನಮ್ಮವರಿಗೆ ಇಷ್ಟು ಬೆಳ್ಳಗಿನ ಕೂದಲು ಇರೋದಿಲ್ಲ. ಅಷ್ಟು ದಿನ ನಾವು ಇರೋದಿಲ್ಲ."

ಊರಿನವರಿಗೆ ಮಾತು ಅರ್ಥವಾಗಲಿಲ್ಲ, ಅವಳು ಮುದುಕಿಯ ತಲೆಗೆ ಬೆರಳು ತೋರಿಸಿದ್ದು ಮಾತ್ರ ಕಂಡಿತು. ಮುದುಕಿ ತನ್ನ ಕೂದಲನ್ನು ಮುಟ್ಟಿಕೊಂಡಳು. ಕದ್ದ ಮಾಲಿನ ಹಾಗೆ ಅನಿಸಿತು ಅದು. ಅವಳು ವಾದಿಸಲಿಲ್ಲ. ತಂಗಿಯ ಅಂಗೈಯಿಂದ ಒಂದು ಚೂರು ಗೆಣಸು ತೆಗೆದುಕೊಂಡಳು, ಮುಂದಿನ ಹಲ್ಲಿನಿಂದ ಅರ್ಧಕ್ಕೆ ಕಚ್ಚಿದಳು. ಅರ್ಧ ತಾನು ಅಗಿದಳು, ಉಳಿದರ್ಧವನ್ನು ತಂಗಿಯ ತುಟಿಗೆ ಇಟ್ಟಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಮಾತ್ರ ಹಾಗೆ ತಿನ್ನುತ್ತಾರೆ, ಅದನ್ನು ಗುಡ್ಡದ ಹೊರಗೆ ಯಾರೂ ಕಂಡಿರಲಾರರು. ತಂಗಿ ಬಾಯಿ ತೆರೆದಳು. ಹಿರಿಯ ಹೆಂಗಸಿನ ಕೈ ಕಂಕುಳಿನಿಂದ ತಾನಾಗಿ ಸಡಿಲವಾಯಿತು.

ಮುದುಕಿ ಈಗ ಊರಿನ ಕಡೆ ತಿರುಗಿ, ಊರಿನ ಮಾತಿನಲ್ಲಿ, ತಾನು ಯಾರೆಂಬುದನ್ನೂ ಬಿಡದೆ, ಎಲ್ಲವನ್ನೂ ಮತ್ತೆ ಹೇಳಿದಳು. ಗೆಣಸು ಮಾಟವಲ್ಲ. ತಿನ್ನಿ, ತಿಂದರೆ ಆಯಿತು. ಸೆರಗಿನ ಗಂಟುಗಳು ಒಂದೊಂದಾಗಿ ಬಿಚ್ಚಿದವು. ಕೆಲವರು ನುಂಗಿದರು, ಕೆಲವರು ಮೂಸಿ ನೋಡಿ ನಾಲಿಗೆಗೆ ಮುಟ್ಟಿಸಿದರು. ಬೀಳಿಸಿದವಳು ಮಣ್ಣು ಒರೆಸಿ ಬಾಯಿಗೆ ಹಾಕಿಕೊಂಡಳು. ಗುಡ್ಡದ ಹೆಂಗಸರು ಪ್ರತಿಯೊಬ್ಬರ ಗಂಟಲನ್ನೂ ನೋಡುತ್ತ ನಿಂತಿದ್ದರು, ನುಂಗುವವರೆಗೂ. ಆಮೇಲೆ ಕಾಯಿಲೆಯವಳನ್ನು ತಟ್ಟೆಗೆ ಕೂರಿಸಿದರು.

ಬಾಗಿಲವನು ಮುಜುಗರದಿಂದ ಮುದುಕಿಯ ಹತ್ತಿರ ಬಂದ. ದೊಡ್ಡಮ್ಮ, ನಾನು ಕೇಳಿಸಿಕೊಂಡೆ, ಕೇಳಿಸಿಕೊಳ್ಳದೆ ಇದ್ದಿದ್ದರೆ ಚೆನ್ನಾಗಿತ್ತು ಎಂದ. ತಟ್ಟೆಯಿಂದ ಅವಳ ಉಪ್ಪಿನಕಾಯಿ ಕಲ್ಲನ್ನು ಎತ್ತಿ, ಕೆಡವದೆ, ಮಗುವಿನ ಹಾಗೆ ಅವಳ ಕೈಗೆ ಕೊಟ್ಟ. ಏಳುತ್ತಿದ್ದ ತೊಲೆ ಮತ್ತೆ ವಾಲಿತು.

"ಎರಡು ದಿನ ಕಾಯಿರಿ," ಅಂದ. "ಒಂದು ಕಲ್ಲಿನಷ್ಟು ತಾನೇ. ಇಳಿದುಬಿಡ್ತಾರೆ."

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಎದುರುಮನೆಯವಳು ಬಂದು ಮುದುಕಿಯ ಮುಂದೆ ನಿಂತಳು. ಕೈಯಲ್ಲಿ ಏನೂ ಇರಲಿಲ್ಲ.

"ನನ್ನ ಜಗಲಿಯ ಮೇಲೆ ಕೂತು ಸುಳ್ಳು ಹೇಳಿದಿರಿ."

"ಹೇಳಿದೆ."

"ಮೂವತ್ತು ವರ್ಷದಿಂದ ಎದುರುಬದುರು ಇದ್ದೀವಿ. ಇನ್ನೂ ಏನೇನು ಸುಳ್ಳು ಹೇಳಿದ್ದೀರಿ?"

ಮುದುಕಿ ಯೋಚಿಸಿದಳು. "ನಿನ್ನ ಹುಳಿ ಚೆನ್ನಾಗಿದೆ ಅಂತ."

ಯಾರೋ ಕಿಸಕ್ಕೆಂದರು. ಎದುರುಮನೆಯವಳು ನಗಲಿಲ್ಲ. ತಿರುಗಿ ಬೀದಿಯೊಳಗೆ ನಡೆದುಹೋದಳು. ಮುನಿಸಿಕೊಂಡು ಹೋದಳು ಎಂದೇ ಎಲ್ಲರೂ ಎಣಿಸಿದರು, ಮುದುಕಿಯೂ. ಅವಳು ಹಿಂದಿರುಗಿದಾಗ ಮೈ ಬೆವೆತಿತ್ತು, ಎದೆಗೆ ಅವುಚಿ ಹಿಡಿದ ಕಲ್ಲಿಗೆ ಸುಣ್ಣವಿರಲಿಲ್ಲ, ಹೆಸರಿರಲಿಲ್ಲ. ಮೆರವಣಿಗೆಗೂ ಕೊಟ್ಟಿರದ ಕಲ್ಲು. ತಟ್ಟೆಗೆ ಹಾಕುವ ಮುಂಚೆ ಅವಳು ಬಾಗಿಲವನ ಕಡೆ ತಿರುಗಿದಳು.

"ನಾಳೆ ನನ್ನ ಸೊಸೆ ಈ ತಟ್ಟೆಗೆ ಬಂದ್ರೆ ನನ್ನ ಕಲ್ಲು ಇರೋದಿಲ್ಲ. ಆಗ ಈ ಹೆಂಗಸರು ಗುಡ್ಡದಿಂದ ಒಂದು ಕಲ್ಲು ತಂದ್ರೆ ಹಾಕಿಸ್ಕೋತೀಯಾ?"

"ಇಲ್ಲಮ್ಮ."

"ಯಾಕೆ?"

"ಗುಡ್ಡದ ಕಲ್ಲು ಅದು."

"ಅದಕ್ಕೆ ಭಾರ ಇರೋದಿಲ್ವಾ?"

ಬಾಗಿಲವನು ತಕ್ಕಡಿಯನ್ನು ನೋಡಿದ, ತಕ್ಕಡಿ ಏನಾದರೂ ಹೇಳೀತು ಎಂಬ ಹಾಗೆ. ಹಿಂದಿನಿಂದಲೂ ಹೀಗೇ ಎಂದು ಅವನು ತಡವಾಗಿ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎದುರುಮನೆಯವಳು ಕಲ್ಲು ಹಾಕಿದಳು. ಕಾಯಿಲೆಯವಳ ಕೈಯಿಂದ ಗೆಣಸು ತೆಗೆದುಕೊಂಡು ಅಗಿದು ಮುಖ ಕಿವುಚಿದಳು. ನನ್ನ ಹುಳಿಗಿಂತ ಕೆಟ್ಟದಾಗಿದೆ ಎಂದಳು. ತೊಲೆ ಎದ್ದಿತು, ನಿಂತಿತು, ನೆಟ್ಟಗಾಯಿತು. ಒಳಗೆ ಅಗಳಿ ಕಳಚಿದ ಸದ್ದು ಕೇಳಿಸಿತು. ವೈದ್ಯೆ ಬಂದು ಕಾಯಿಲೆಯವಳ ಕೈ ಹಿಡಿದು, ಎಲ್ಲಿ ನೋವು ಎಂದು ಕೇಳಿದಳು. ಮುದುಕಿ ಇರುಂಗಳೆ ಎಂದರೇನು ಎಂದು ಅವಳಿಗೆ ಬಿಡಿಸಿ ಹೇಳಿದಳು, ಎರಡು ಸಲ ಹೇಳಿದಳು, ಅವಳು ತಿರುಗಿ ಹೇಳುವವರೆಗೂ ಬಿಡಲಿಲ್ಲ.

ಜೊತೆಗೆ ಒಬ್ಬರು ಮಾತ್ರ ಒಳಗೆ ಹೋಗಬಹುದು. ಹಿರಿಯ ಹೆಂಗಸು ಹೋದಳು. ಒಳಗೆ ಚಾಪೆ ಕೊಡುತ್ತಾರೋ ಮಂಚ ಕೊಡುತ್ತಾರೋ ನೋಡಿ ಬಂದು ಹೇಳು ಎಂದು ಮುದುಕಿ ಅವಳಿಗೆ ತಾಕೀತು ಮಾಡಿದಳು. ಬಾಗಿಲು ಮುಚ್ಚಿತು. ಬಾಗಿಲವನು ತೂಗಿದ ಕಲ್ಲುಗಳನ್ನು ತಟ್ಟೆಯಿಂದ ಇಳಿಸಿದ. ಮುದುಕಿ ತನ್ನ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು.

ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು, ಮುಟ್ಟದೆ. ಉಗುರಿನ ಸಂದಿನ ಸುಣ್ಣವನ್ನು ಕೆರೆದುಕೊಳ್ಳುತ್ತಿದ್ದಳು. ಕೊನೆಗೆ, ಹಾಗಾದರೆ ನಾನೂ ಗುಡ್ಡದವಳೇ ಎಂದು ಕೇಳಿದಳು. ಕಾಲು ಪಾಲು ಎಂದಳು ಮುದುಕಿ. ನನಗೇಕೆ ಹೇಳಲಿಲ್ಲ ಎಂದು ಕೇಳಿದಳು. ನಿನ್ನ ಕಲ್ಲು ನಡೆಯಲಿ ಅಂತ ಎಂದಳು ಮುದುಕಿ.

ಅಷ್ಟರಲ್ಲಿ ಗುಡ್ಡದ ದಾರಿಯಿಂದ ಇಬ್ಬರು ಗಂಡಸರು ಬಿದಿರಿನ ಗಳಕ್ಕೆ ಕಂಬಳಿ ಕಟ್ಟಿ ಜೋಲಿಯಲ್ಲಿ ಯಾರನ್ನೋ ಹೊತ್ತು ಇಳಿಯುತ್ತಿದ್ದರು. ಬಾಗಿಲು ತೆರೆದ ಸುದ್ದಿ ಅಷ್ಟು ಬೇಗ ಮುಟ್ಟಲು ಸಾಧ್ಯವಿಲ್ಲ. ಅವರು ಹೇಗೂ ಬರುತ್ತಿದ್ದವರೇ. ಜೋಲಿಯಿಂದ ಒಬ್ಬ ಎಳೆ ಹೆಂಗಸನ್ನು ಇಳಿಸಿ, ಖಾಲಿ ತಟ್ಟೆಯಲ್ಲಿ ಕೂರಿಸಿದರು. ಅವಳ ತಟ್ಟೆ ನೆಲಕ್ಕೆ ತಾಗಿತು. ಬಾಗಿಲವನು ನೆರಳಿಗೆ ಚಾಪೆ ತರಲು ಹೋದ.

ಮುದುಕಿ ಸುತ್ತ ನೋಡಿದಳು. ಗುಂಪು ಕರಗುತ್ತಿತ್ತು. ಕಲ್ಲು ಕೊಟ್ಟ ಹೆಂಗಸರು ಕೈ ಕೊಡವಿಕೊಂಡು, ಒಂದು ಕೆಲಸ ಮುಗಿಯಿತು ಎಂಬಂತೆ ಮನೆಗೆ ಹೊರಟಿದ್ದರು. ಎದುರು ಬದಿಯಲ್ಲಿ ಬಿಳಿ ಗುಡ್ಡ ಹಾಗೆಯೇ ನಿಂತಿತ್ತು.

"ಸುಣ್ಣ ಉಳಿದಿದೆಯಾ?" ಎಂದು ಮೊಮ್ಮಗಳನ್ನು ಕೇಳಿದಳು.

"ಇದೆ. ಯಾಕಜ್ಜಿ?"

"ಬಾಗಿಲ ಪಕ್ಕದ ಗೋಡೆ ಇದೆಯಲ್ಲ, ಅಲ್ಲಿ ಬರಿ. ದೊಡ್ಡದಾಗಿ. ದೂರದಿಂದ ಕಾಣಬೇಕು."

"ಏನಂತ?"

ಮುದುಕಿ ಒಂದೊಂದೇ ಮಾತು ಹೇಳಿದಳು, ಬರೆಯುವ ಕೈಗೆ ಪುರುಸೊತ್ತು ಸಿಗುವ ಹಾಗೆ. ಈ ಬೀದಿಯ ಏಳನೇ ಮನೆಯ ಮುದುಕಿ ಗುಡ್ಡದವಳು. ಅವಳ ಕಲ್ಲನ್ನು ಇವತ್ತು ತಟ್ಟೆಯಿಂದ ತೆಗೆದಿದ್ದಾರೆ. ನಾಳೆ ಬೆಳಿಗ್ಗೆ ಅವಳು ಅದೇ ಕಲ್ಲನ್ನು ಮತ್ತೆ ತರುತ್ತಾಳೆ. ನೀವೂ ನಿಮ್ಮ ಕಲ್ಲು ಎತ್ತಿಕೊಂಡು ಬನ್ನಿ. ಅವಳದನ್ನು ತೂಗುವವರೆಗೆ ನಿಮ್ಮದನ್ನು ಕೆಳಗಿಡಬೇಡಿ.

ಮೊಮ್ಮಗಳು ಬೆರಳಿನಲ್ಲೇ ಗಾಳಿಯಲ್ಲಿ ಅಕ್ಷರ ಮೂಡಿಸಿ ಅಳತೆ ನೋಡಿದಳು. ಆಮೇಲೆ ತಿರುಗಿದಳು.

"ಜನ ಬರ್ತಾರಾ ಅಜ್ಜಿ?"

"ನನಗೇನೂ ನಂಬಿಕೆ ಇಲ್ಲ," ಅಂದಳು ಮುದುಕಿ. "ನೀನು ಬರಿ."